ಮಸ್ಟಾಂಗಿನ ಇನ್ನೊಂದು ಮಗ್ಗುಲು

ಚನ್ನಗಿರಿ, 14-3-1978, ಮಂಗಳವಾರ

ಕೊಡುವುದಿಲ್ಲ. ಮೇಷ್ಟ್ರು ನಾಳೆ ಮತ್ತೆ ಬಂದು ನಿಂತರೂ ಕೊಡುವುದಿಲ್ಲ!

ರದ್ದಿ ಅಂಗಡಿಯಲ್ಲಿ ಸಿಕ್ಕ ಒಂದೇ ಚಿತ್ರ ನೋಡಿಕೊಂಡು ನಾನು ಐದು ತಿಂಗಳಿಂದ ಕೆತ್ತಿದ, ಮೊಳದುದ್ದದ ಮರದ ಕಾರು, ಅಮೆರಿಕದ ಮಸ್ಟಾಂಗ್. ನಮ್ಮ ನಾಟಕದ ಮೇಷ್ಟ್ರು ಮಹೇಶ್ವರಪ್ಪನವರ ಕಣ್ಣು ಇವತ್ತು ಅದರ ಮೇಲೆ ಬಿತ್ತು. ಹೊನ್ನಾಳಿಯ ಆಟದಲ್ಲಿ ಸಾಹುಕಾರನ ಮೇಜಿನ ಮೇಲಿಡಲು ಬೇಕಂತೆ.

ನನ್ನ ಹೆಂಡತಿ ಕೊಟ್ರಮ್ಮ ಕಾರನ್ನು ತಿರುಗಿಸಿ, “ಈ ಮಗ್ಗುಲು ಬರೀ ಕಟ್ಟಿಗೆ ಐತಲ್ರೀ?” ಅಂದಳು.

ಮೇಷ್ಟ್ರು ನಕ್ಕರು. “ಇರ್ಲಿ ಬಿಡಮ್ಮ, ಜನ ಕೂರೋದು ಆ ಕಡೆ. ಈ ಕಡೆ ನೋಡಾಕೆ ಯಾರು ಬರ್ತಾರೆ, ಪರದೆ ಎಳೆಯೋ ಮರುಳಸಿದ್ದನಾ?”

ನನಗೆ ನಗು ಬರಲಿಲ್ಲ. ಇಪ್ಪತ್ತು ವರ್ಷ ನಾಟಕದ ಸಾಮಾನು ಮಾಡಿದ್ದೇ ಹೀಗೆ: ಕಿರೀಟಕ್ಕೆ ಮುಂದೆ ಬೇಗಡೆ, ಹಿಂದೆ ರಟ್ಟು. ಅರಮನೆಗೆ ಮುಂದೆ ಕಂಬ, ಹಿಂದೆ ಬಿದಿರು ಗಳ. ಅದೇ ಚಾಳಿಯಲ್ಲಿ ಕಾರನ್ನೂ ಅರ್ಧ ಮಾಡಿ, ಮುಗಿಯಿತೆಂದು ಮೀಸೆ ತಿರುವಿದ್ದೆ. ಥೂ!

“ಇದು ಸ್ಟೇಜಿನ ಸಾಮಾನಲ್ಲ ರೀ ಮೇಷ್ಟ್ರೇ, ಕಾರು!” ಎಂದು ಗುಡುಗಿದೆ.

“ಹಂಗಾದ್ರೆ ಮುಂದಿನ ನಾಟಕದಾಗೆ ನಿನ್ನ ರಾಜನ ಪಾರ್ಟೂ ಬೇರೆಯೋರಿಗೆ ಹೋಗ್ತೈತೆ.”

“ಹೋಗ್ಲಿ ಬಿಡ್ರಿ!”

ಆ ಪಾರ್ಟು ಬಿಟ್ಟರೆ ಊರಿನಲ್ಲಿ ನನಗೆ ಇನ್ನೊಂದು ಹೆಸರಿಲ್ಲ.

ಆದರೂ ಊಟವಾದದ್ದೇ ಕೂತು ಆ ಮಗ್ಗುಲಿಗೂ ಬಾಗಿಲು ಕೊರೆದೆ. ಗುಂಡುಸೂಜಿ ಬಗ್ಗಿಸಿ ಹಿಡಿಕೆ ಮಾಡಿದೆ. ನಾಳೆ ಇಂಜಿನ್ನು. ಅದನ್ನು ಕೂರಿಸಿ ಮೇಲೆ ಬಾನೆಟ್ಟು ಅಂಟಿಸಿಬಿಡುತ್ತೇನೆ. ಯಾವ ಮಗನೂ ನೋಡುವುದಿಲ್ಲ. ಆದರೂ ಎಂಟು ಸಿಲಿಂಡರಿಗೆ ಒಂದೂ ಕಡಿಮೆ ಇರಕೂಡದು. ಕಣ್ಣು ಎಳೆಯುತ್ತಿದೆ, ಕೈ ಮಾತ್ರ ಇನ್ನೂ ಉಳಿ ಹುಡುಕುತ್ತಿದೆ.