ಉಪ್ಪಿನಕಾಯಿ ಜಾಡಿಯ ಬಂಗಾರ

ಶಿಕಾರಿಪುರ
ಭಾನುವಾರ, ೧೦ ಮಾರ್ಚ್ ೧೯೯೬

ನನ್ನ ಮುದ್ದು ಶರಣ್ಯಕ್ಕನಿಗೆ, ನಿನ್ನ ಚೈತ್ರ ಕಳಿಸುವ ಮಣಭಾರದ ಪ್ರೀತಿ.

ನಿಮ್ಮ ಜಡೆ ಊರಿನಲ್ಲಿ ಎಲ್ಲರೂ ಹೇಗಿದ್ದೀರಿ? ಅಮ್ಮ ಸೊರಬದಿಂದ ನಿನ್ನ ಮನೆಗೆ ಬಂದಿದ್ದಾಳೆಂದು ಭಾವ ಫೋನಿನಲ್ಲಿ ಹೇಳಿದರು. ಹಾಗಾದರೆ ಈ ಕಾಗದವನ್ನು ಮೊದಲು ನೀನೊಬ್ಬಳೇ ಓದು. ಅಮ್ಮನಿಗೆ ಓದಿ ಹೇಳುವಾಗ ಜಾಡಿ ತೊಳೆದ ಸಂಗತಿಯನ್ನು ಬಿಟ್ಟುಬಿಡು. ಅದನ್ನು ಬಿಟ್ಟರೆ ಕಾಗದದಲ್ಲಿ ಏನೂ ಉಳಿಯುವುದಿಲ್ಲ, ಅದು ಬೇರೆ ಮಾತು. ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬೆಳೆದವಳ ಕನ್ನಡ ಎಂದು ನಗಬೇಡ. ಇಂಗ್ಲಿಷಿನಲ್ಲಿ ಬರೆಯಲು ಕುಳಿತರೆ ಇವರ ಬಗ್ಗೆ ಬರೆದದ್ದೆಲ್ಲ ಗ್ರೀಟಿಂಗ್ ಕಾರ್ಡಿನಂತೆ ಕಾಣುತ್ತದೆ.

ಇವರು ಅಂದರೆ ಈಶ್ವರ್. ಕಾಗದದಲ್ಲಾದರೂ ಹೆಸರು ಬರೆಯಬಹುದಲ್ಲ! ಈಶ್ವರ್, ಈಶ್ವರ್. ಈಗ ಸಮಾಧಾನವಾಯಿತು.

ಮದುವೆಯ ಗಡಿಬಿಡಿಯಲ್ಲಿ ನೀನು ಇವರ ಅಂಗಡಿ ನೋಡಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೊ, ಟಿವಿ ರಿಪೇರಿ ಮಾಡುವ ಒಂದೇ ಕೋಣೆ. ಅರ್ಧ ಕೋಣೆ ರಿಪೇರಿಗೆ, ಇನ್ನರ್ಧ ಕನಸಿಗೆ. ದೀಪಾವಳಿಯ ಹೊತ್ತಿಗೆ ಇಲ್ಲಿಯ ಹಳೆಯ ಟೆಲಿಫೋನ್ ಎಕ್ಸ್‌ಚೇಂಜನ್ನು ಬಿಚ್ಚಿದರಂತೆ. ಗುಜರಿಗೆ ಬಂದ ಅದರ ಕಾರ್ಡುಗಳನ್ನು ಇವರೂ ಅಸ್ಲಮನೂ ಮೂಟೆಗಟ್ಟಲೆ ತಂದು ರಾಶಿ ಹಾಕಿದ್ದಾರೆ. ಅಸ್ಲಂ ಇವರ ಶಾಲೆಯ ಗೆಳೆಯ. ಅಕ್ಕಸಾಲಿಗರ ಅಂಗಡಿಯ ಕಸ ಕೊಂಡು, ತೊಳೆದು, ಧೂಳಿನಲ್ಲಿ ಬೆರೆತ ಬಂಗಾರ ತೆಗೆಯುವುದು ಅವನ ಮನೆಯವರ ಹಿಂದಿನಿಂದ ಬಂದ ಕೆಲಸ. ಟೆಲಿಫೋನ್ ಕಾರ್ಡಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಹಳದಿ ಪಟ್ಟಿಗಳಿರುತ್ತವೆ. ಆ ಹಳದಿ ನಿಜವಾದ ಬಂಗಾರ ಅಕ್ಕಾ, ಈರುಳ್ಳಿಯ ಪೊರೆಗಿಂತ ತೆಳ್ಳಗಿನದು.

ಒಂದು ಮಧ್ಯಾಹ್ನ ಅಸ್ಲಮನ ಹಿತ್ತಲಿಗೆ ನನ್ನನ್ನೂ ಕರೆದುಕೊಂಡು ಹೋದರು. ಕತ್ತರಿಸಿದ ಪಟ್ಟಿಗಳನ್ನು ಆಸಿಡ್ಡಿಗೆ ಹಾಕಿದಾಗ ತಾಮ್ರ ಕರಗಿ ನೀರೆಲ್ಲ ನವಿಲಿನ ಕೊರಳಿನ ಬಣ್ಣವಾಯಿತು. ಬಂಗಾರ ಮಾತ್ರ ಕರಗದೆ ಮೆಲ್ಲಗೆ ಬಿಡಿಸಿಕೊಂಡು, ಉದುರಿದ ಹೂವಿನ ಎಸಳಿನಂತೆ ಮೇಲೆ ಬಂದು ತೇಲಿತು. ಅತ್ತಿಗೆ, ಹಿಂದೆ ಸರೀರಿ, ಹೊಗೆ ಎದೆಗೆ ಹೋಗ್ತದೆ ಎಂದು ಅಸ್ಲಂ ಗದರುತ್ತಲೇ ಇದ್ದ. ನಾನು ಮೂಗಿಗೆ ಸೆರಗು ಹಿಡಿದು ನಿಂತೇ ಇದ್ದೆ. ಹುಡುಗಿ ಒಪ್ಪಿದ್ದಾಳೆ ಎಂದು ನಿಮ್ಮಪ್ಪ ಸೊರಬದಿಂದ ಫೋನಿನಲ್ಲಿ ಕೂಗಿದ್ದು ಈ ಪಟ್ಟಿಗಳ ಮೇಲೇ ಹಾದು ಬಂದಿರಬೇಕು ಎಂದು ಇವರು ನನ್ನ ಕಿವಿಯ ಹತ್ತಿರ ಹೇಳಿದರು. ಅಲ್ಲಿಂದ ನನಗೆ ಆ ಎಸಳುಗಳೆಲ್ಲ ಮಾತುಗಳಾಗಿಯೇ ಕಂಡವು. ಹೆರಿಗೆಯ ಸುದ್ದಿ, ಸಾವಿನ ಸುದ್ದಿ, ಭತ್ತದ ಧಾರಣೆ, ಯಾರದೋ ಜಗಳ, ನಮ್ಮ ಮದುವೆ, ಎಲ್ಲವೂ ನೀಲಿ ನೀರಿನ ಮೇಲೆ ಸದ್ದಿಲ್ಲದೆ ತಿರುಗುತ್ತಿದ್ದವು. ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮಾವನವರಿಗೆ ಇದೆಲ್ಲ ಆಟ. ಬಾಯಿ ತೆರೆದರೆ ‘ನಿಮ್ಮ ಆಟ’ ಎಂದೇ ಅನ್ನುವುದು. ಭತ್ತದ ದೊಡ್ಡ ವ್ಯಾಪಾರ ಬಿಟ್ಟು ಒಬ್ಬನೇ ಮಗ ಗುಜರಿ ಕೆದಕುತ್ತಾನೆಂಬ ಸಿಟ್ಟು, ಅಸ್ಲಂ ಅವನಿಗೆ ಟೋಪಿ ಹಾಕುತ್ತಿದ್ದಾನೆಂಬ ಅನುಮಾನ. ನಾನು ಈ ಮನೆಗೆ ಕಾಲಿಟ್ಟ ವಾರದಲ್ಲೇ ಒಂದು ಮಾತು ಆಗಿತ್ತು. ಯುಗಾದಿಯೊಳಗೆ ಈ ಕಸದಿಂದ ತೆಗೆದ ಬಂಗಾರವನ್ನು ತಮ್ಮ ಅಂಗೈ ಮೇಲೆ ಇಡಬೇಕು. ಇಲ್ಲದಿದ್ದರೆ ಇವರು ಅಂಗಡಿಗೆ ಬೀಗ ಹಾಕಿ ಮಾವನ ಭತ್ತದ ಮಂಡಿಯಲ್ಲಿ ಕೂರಬೇಕು, ಅಸ್ಲಮನ ಸಹವಾಸ ಅಲ್ಲಿಗೆ ಮುಗಿಯಬೇಕು. ಇವರು ಒಪ್ಪಿಕೊಂಡಿದ್ದರು.

ಈಗ ಜಾಡಿಯ ವಿಷಯ. ತೇಲಿದ ಎಸಳುಗಳನ್ನು ಇನ್ನೂ ಖಾರವಾದ ಆಸಿಡ್ಡಿನಲ್ಲಿ ಕರಗಿಸಿ ಅನ್ನಭೇದಿ ಎಂಬ ಹಸಿರು ಉಪ್ಪು ಹಾಕಿದರೆ ಬಂಗಾರ ಕಂದು ಬಣ್ಣದ ಕೆಸರಾಗಿ ತಳಕ್ಕೆ ಇಳಿಯುತ್ತದೆ. ಆ ಕೆಸರನ್ನು ಮೂಸೆಯಲ್ಲಿ ಕರಗಿಸಿದ ಮೇಲೆಯೇ ಹೊಳಪು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಸೋಮವಾರ ಅಸ್ಲಮನ ಮನೆ ತುಂಬ ನೆಂಟರ ಮಕ್ಕಳು. ಅದಕ್ಕೆ ಇವರು ತಿಳಿನೀರು ಬಸಿದು, ಕೆಸರಿದ್ದ ಜಾಡಿಯನ್ನು ಮನೆಗೆ ತಂದು ಬಚ್ಚಲ ಮೂಲೆಯಲ್ಲಿಟ್ಟರು. ಪಿಂಗಾಣಿಯನ್ನು ಆಸಿಡ್ ತಿನ್ನುವುದಿಲ್ಲವೆಂದು ಅತ್ತೆಯ ಹಳೆಯ ಉಪ್ಪಿನಕಾಯಿ ಜಾಡಿಯನ್ನೇ ಕೇಳದೆ ಒಯ್ದಿದ್ದರಂತೆ.

ಮಂಗಳವಾರ ಬೆಳಿಗ್ಗೆ ಅಮ್ಮ ಬಸ್ಸಿನಲ್ಲಿ ಕಳಿಸಿದ ಮಾವಿನ ಮಿಡಿ ಬಂತು. ಜಾಡಿಗಳನ್ನು ತೊಳೆದು ಬಿಸಿಲಿಗಿಡು, ಒಂದು ಹನಿ ಪಸೆ ಉಳಿದರೂ ಮಿಡಿ ಕೆಡುತ್ತದೆ ಎಂದರು ಅತ್ತೆ. ಅಟ್ಟದಿಂದ ಇಳಿಸಿದವುಗಳಲ್ಲಿ ಒಂದು ಕಡಿಮೆ. ಹುಡುಕಿದರೆ ಬಚ್ಚಲಲ್ಲಿ ಸಿಕ್ಕಿತು, ತಳದಲ್ಲಿ ಹಳೆಯ ಮಸಾಲೆಯಂಥ ಕೊಳೆ. ಅಕ್ಕಾ, ನಾನು ಎಷ್ಟು ಶ್ರದ್ಧೆಯಿಂದ ತೊಳೆದೆ ಗೊತ್ತೇ? ತೆಂಗಿನ ನಾರು, ಬೂದಿ, ಆಮೇಲೆ ಕುದಿಯುವ ನೀರು. ಎಲ್ಲವನ್ನೂ ಬಚ್ಚಲ ಮೋರಿಗೆ ಸುರಿದೆ.

ಊಟಕ್ಕೆ ಬಂದ ಇವರು ಜಗಲಿಯಲ್ಲಿ ಬೋರಲು ಹಾಕಿದ್ದ ಜಾಡಿಯ ಮುಂದೆ ನಿಂತುಬಿಟ್ಟರು. ನಾನು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊಗಳಿಕೆಗೆ ಕಾದಿದ್ದೆ.

‘ಚಂದ ತೊಳದೀಯ’ ಎಂದರು.

ಅಷ್ಟೇ. ಊಟ ಮಾಡಿದರು, ಮಜ್ಜಿಗೆ ಕೇಳಿ ಹಾಕಿಸಿಕೊಂಡರು, ಹೋದರು. ಇಡೀ ಮಧ್ಯಾಹ್ನ ನಾನು ಆ ಎರಡು ಪದಗಳನ್ನು ನೆನೆದು ಹಾಡು ಗುನುಗುತ್ತಿದ್ದೆ.

ಸಂಜೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಾಗ ಹೊರಗೆ ಮಾವನ ದನಿ ಏರಿತು. ಅಸ್ಲಂ ಬಾಗಿಲ ಬಳಿ ನಿಂತಿದ್ದ. ಜಾಡಿಯಲ್ಲಿದ್ದದ್ದು ಹಾಳಾಯಿತು, ಈ ಸಲ ಬಂಗಾರ ಆಗಲಿಲ್ಲ ಎಂದು ಇವರು ತಣ್ಣಗೆ ಹೇಳುತ್ತಿದ್ದರು.

‘ನಿನ್ನೆ ಬಂತು ಅಂದಿ, ಇವತ್ತು ಹೋತು ಅಂತೀಯ. ಅದಕ್ಕೇನು ಕಾಲು ಬಂದ್ವಾ? ಈ ಸಾಬ್ರ ಹುಡುಗ ಜೇಬಿಗಿಳಿಸ್ಯಾನ, ನೀನು ಬಾಯಿ ಬಿಟ್ಕೊಂಡು ಕುಂತೀಯ.’

ಜಾಡಿ ಎಂದದ್ದೇ ನನಗೆ ಎಲ್ಲ ಹೊಳೆಯಿತು. ಇವರು ಸುಮ್ಮನಿದ್ದದ್ದು ನನಗಾಗಿ. ಅಸ್ಲಮನಿಗೂ ಹೇಳಿರಬೇಕು, ಅವನೂ ತಲೆ ತಗ್ಗಿಸಿ ಕಳ್ಳನೆನ್ನಿಸಿಕೊಳ್ಳುತ್ತಿದ್ದ. ಈ ಮನೆಯಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವ ವಾಡಿಕೆಯಿಲ್ಲ. ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದೆ.

‘ಮಾವ, ಅಸ್ಲಂ ಅಣ್ಣ ಏನೂ ತಗೊಂಡಿಲ್ಲ. ಜಾಡಿ ತೊಳೆದು ಮೋರಿಗೆ ಚೆಲ್ಲಿದ್ದು ನಾನು.’

ಮಾವ ನನ್ನನ್ನು ನೋಡಲಿಲ್ಲ. ಅತ್ತೆಯ ಕಡೆ ತಿರುಗಿ ಕೇಳಿದರು, ಅಲ್ಲಿಂದೀಚೆಗೆ ಬಚ್ಚಲಿಗೆ ಯಾರಾದರೂ ನೀರು ಹಾಕಿದ್ದಾರೆಯೇ ಎಂದು. ಇಲ್ಲ ಎಂದರು ಅತ್ತೆ. ಅಸ್ಲಂ ತಲೆ ಎತ್ತಿದ. ನಾಳೆ ತಾಯಿಯನ್ನು ಕರೆತರುತ್ತೇನೆ, ಅಲ್ಲಿಯವರೆಗೆ ಒಂದು ಚೆಂಬು ನೀರೂ ಬೀಳಬಾರದು ಎಂದ.

ಬುಧವಾರ ಅಸ್ಲಮನ ತಾಯಿ ಅಖ್ತರ್ ಬೀ ಬಂದರು. ಸ್ನಾನ, ಲಿಂಗಪೂಜೆ ಆಗದೆ ಮಾವ ಒಂದು ಗುಟುಕು ಚಹಾ ಕೂಡ ಕುಡಿಯುವವರಲ್ಲ. ಹೆಗಲಿಗೆ ಟವೆಲ್ ಹಾಕಿ ಬಂದು ನೋಡಿದರೆ ಮೋರಿಯ ಬಾಯಲ್ಲೇ ಮಣೆ ಹಾಕಿಕೊಂಡು ಅಖ್ತರ್ ಬೀ ಕೂತಿದ್ದರು.

‘ಸಾವ್ಕಾರ್ರೆ, ಇವತ್ತು ಈ ಬಚ್ಚಲು ನಂದು. ನಿಮ್ಮ ದೇವರಿಗೆ ಚೂರು ತಡಿಯಪ್ಪ ಅನ್ರಿ.’

ಮಾವ ತಂಬಿಗೆ ತೆಗೆದುಕೊಂಡು ಪಕ್ಕದ ಸದಾಶಿವಪ್ಪನವರ ಮನೆಗೆ ಸ್ನಾನಕ್ಕೆ ಹೋದರು. ನಿಮ್ಮ ಬಾವಿ ಬತ್ತಿತೇನು ಎಂದು ಅವರು ಕೇಳಿದ್ದಕ್ಕೆ, ನಮ್ಮನ್ಯಾಗ ಕೆಲಸ ನಡದೈತಿ ಎಂದರಂತೆ. ಕೆಲಸ! ಇದನ್ನು ಸದಾಶಿವಪ್ಪನವರ ಸೊಸೆ ಗೋಡೆಯ ಮೇಲಿಂದ ಬಗ್ಗಿ ನನಗೆ ಹೇಳಿದಳು.

ಮೋರಿಯ ಕಲ್ಲು ಎಬ್ಬಿಸಿ, ಹಿತ್ತಲ ಬಾಳೆಯ ಬುಡದವರೆಗೆ ಕೆಸರು ಕೆರೆದು ತಂದೆವು. ಅತ್ತೆಯೂ ಸೀರೆ ಎತ್ತಿ ಕಟ್ಟಿ ಬುಟ್ಟಿ ಹೊತ್ತರು. ಅಖ್ತರ್ ಬೀ ಅಗಲವಾದ ಮರದ ಮರಿಗೆಯಲ್ಲಿ ಅದನ್ನು ತೂಗುತ್ತ ತೂಗುತ್ತ, ಮಗು ಮಲಗಿಸುವಂತೆ, ಮಣ್ಣನ್ನೆಲ್ಲ ನೀರಿನೊಡನೆ ಕಳಿಸಿಬಿಟ್ಟರು. ಕೊನೆಗೆ ಒಂದು ಹನಿ ಪಾದರಸ. ಅದು ಕಣ್ಣಿಗೆ ಕಾಣದ ಬಂಗಾರವನ್ನು ನುಂಗುತ್ತ, ದಿನ ತುಂಬಿದ ಬಸುರಿಯಂತೆ ನಿಧಾನವಾಗಿ ಹೊರಳತೊಡಗಿತು. ಬಿಸಿಲು ಇಳಿದದ್ದೂ ನನಗೆ ತಿಳಿಯಲಿಲ್ಲ.

ಅಸ್ಲಂ ಅದನ್ನು ತನ್ನ ಹಿತ್ತಲಿಗೆ ಒಯ್ದು ಕಾಸಿ ಪಾದರಸ ಹಾರಿಸಿ, ಉಳಿದದ್ದನ್ನು ಮೂಸೆಯಲ್ಲಿ ಕರಗಿಸಿ ತಂದ. ಅರ್ಧ ಜೋಳದ ಕಾಳಿನಷ್ಟು. ಇವರು ಎಣಿಸಿದ್ದರಲ್ಲಿ ಅರ್ಧವೂ ಇಲ್ಲ. ಉಳಿದದ್ದು ನಿಮ್ಮ ಬಾಳೆಗಿಡ ಕುಡಿದೈತಿ, ಗೊನೆ ಬಿಟ್ಟಾಗ ನನಗೂ ಒಂದು ಚಿಪ್ಪು ಕಳಿಸು ಎಂದರು ಅಖ್ತರ್ ಬೀ. ಮಾವ ಅಂಗೈ ಚಾಚಿದರು. ಬೆರಳಿನಿಂದ ಹೊರಳಿಸಿ ನೋಡಿದರು, ದೀಪದ ಬೆಳಕಿಗೆ ಹಿಡಿದು ಮತ್ತೆ ನೋಡಿದರು. ಇವರ ಕೈಗೆ ತಿರುಗಿ ಕೊಟ್ಟು, ಊಟಕ್ಕೆ ಹಾಕಿ ಎಂದರು. ಅಂಗಡಿಯ ಮಾತಿಲ್ಲ. ಅಸ್ಲಮನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವನು ಚಹಾ ಕೂಡ ಕುಡಿಯದೆ ಹೋದ.

ಅಂದಿನಿಂದ ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ. ಅಷ್ಟು ಚಿಕ್ಕದು ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳುವ ಧೈರ್ಯ ಇವರಿಗಿಲ್ಲ. ಮಂಡಿಯಲ್ಲಿ ಕೂತರೂ ಇವರು ನನ್ನ ಮೇಲೆ ಎಂದೂ ಸಿಟ್ಟಾಗುವುದಿಲ್ಲ. ಅದೇ ನನಗೆ ಭಯ. ಸಂಜೆ ಇಬ್ಬರೂ ತಾರಸಿಯಲ್ಲಿ ಕೂತಾಗ ಆ ಕಾಳನ್ನು ನನ್ನ ಅಂಗೈಯಲ್ಲಿಟ್ಟು ಮುಚ್ಚುತ್ತಾರೆ. ಕಣ್ಣು ಮುಚ್ಚಿದರೆ ಊರಿನ ಮಾತುಗಳೆಲ್ಲ ಒಳಗೆ ಗುಸುಗುಡುತ್ತಿವೆ ಅನ್ನಿಸುತ್ತದೆ. ನಗಬೇಡ ಅಕ್ಕಾ, ನಿಜವಾಗಿಯೂ ಅನ್ನಿಸುತ್ತದೆ.

ಬೂದಿ ಉಜ್ಜಿ ಉಗುರು ಸವೆಸಿಕೊಂಡ ನಿನ್ನ ತಂಗಿ,
ಚೈತ್ರಶ್ರೀ ಈಶ್ವರ್
(ಹೊಸ ಸಹಿ. ಹೇಗಿದೆ?)

ಮರೆಯುವ ಮುನ್ನ, ಸೋಮವಾರ ಮಧ್ಯಾಹ್ನ: ಕಾಗದ ಅಂಟಿಸುತ್ತಿದ್ದೆ, ಅಷ್ಟರಲ್ಲಿ ಬಾಗಿಲಿಗೆ ಲಾರಿ ಬಂತು. ಮಾವ ಬೆಳಿಗ್ಗೆ ಭತ್ತ ನೋಡಲು ಸೊರಬಕ್ಕೆ ಹೋಗಿದ್ದರು. ಲಾರಿಯಿಂದ ಭತ್ತದ ಜೊತೆ ಬೇರೆ ಎರಡು ಮೂಟೆ ಇಳಿದವು. ಬಿಚ್ಚಿ ನೋಡಿದರೆ ಸೊರಬದ ಹಳೆಯ ಎಕ್ಸ್‌ಚೇಂಜಿನ ಕಾರ್ಡುಗಳು, ಅಂಚಿನಲ್ಲಿ ಹಳದಿ ಹಲ್ಲು. ಅಲ್ಲಿಯ ಗುಜರಿಯವನನ್ನು ತಾವೇ ವಿಚಾರಿಸಿಕೊಂಡು ಹೋಗಿದ್ದರಂತೆ. ಇವರು ಒಂದು ಕಾರ್ಡನ್ನು ಎತ್ತಿ ಬಿಸಿಲಿಗೆ ಹಿಡಿದರು. ಮಾವ ಬೆವರು ಒರೆಸಿಕೊಳ್ಳುತ್ತ, ಇದೇ ಮೊದಲ ಸಲ ನೇರ ನನ್ನ ಮುಖ ನೋಡಿ ಹೇಳಿದರು: ‘ಅಸ್ಲಂಗೆ ಬಾ ಅಂತ ಹೇಳಿ ಕಳ್ಸವ್ವ. ಅವನು ಬರೋತನಕ ನೀನು ಇದನ್ನ ತೊಳಿಬ್ಯಾಡ.’