ಒಂದು ಕಿವಿ ನಿಮ್ಮ ಪಾಲಿಗೆ

ಸಗಿನಾಲಿ ಬೈಕೆ,

ಹಿರಿಯ ಗಂಡಸನ್ನು ಅಣ್ಣ ಎಂದೇ ಕರೆಯಬೇಕೆಂದು ನನ್ನಮ್ಮ ಕಲಿಸಿದ್ದಾಳೆ, ಅದಕ್ಕೆ ಬೈಕೆ ಎಂದು ಬರೆದೆ. ಅದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ಈ ಕಾಗದದಲ್ಲಿ ಹುಡುಕಬೇಡಿ. ನಿಮ್ಮ ಕ್ಷೇಮವನ್ನೂ ವಿಚಾರಿಸುವುದಿಲ್ಲ. ನೀವು ಕ್ಷೇಮವಾಗಿರುವುದೇ ಇಷ್ಟು ದಿನ ನನ್ನ ಹೊಟ್ಟೆಯುರಿಯಾಗಿತ್ತು.

ನಮ್ಮ ಇಲಿಗಳು ನೆನಪಿವೆಯೇ? ಬಿಷ್ಕೆಕ್‌ನ ನಿಮ್ಮ ಪ್ರಯೋಗಾಲಯದಲ್ಲಿ ಇಬ್ಬರೂ ಸೇರಿ ಅವುಗಳ ಬೆನ್ನಿನ ಕೂದಲು ಬೋಳಿಸಿ, ಚರ್ಮ ಕೆರಳಿಸುವ ಮುಲಾಮು ಹಚ್ಚುತ್ತಿದ್ದೆವು. ಬೆನ್ನು ಕೆಂಪಾಗಿ, ಸೋರಿಯಾಸಿಸ್ ಬಂದಂತೆ ಹೊಟ್ಟು ಏಳುತ್ತಿತ್ತು. ಅರ್ಧದಷ್ಟು ಇಲಿಗಳ ಕುಡಿಯುವ ನೀರಿಗೆ ಥೈರಾಯ್ಡ್ ತಗ್ಗಿಸುವ ಔಷಧ ಬೆರೆಸಿದೆವು. ಅವುಗಳ ಬೆನ್ನು ಮಾತ್ರ ನುಣ್ಣಗೆ ಉಳಿಯಿತು. ನೀವು ಕುಣಿದಾಡಿದಿರಿ. ನಾನೂ ಕುಣಿದೆ, ನನ್ನ ತಂಗಿ ಬುರುಲ್‌ಗೆ ಚಿಕ್ಕಂದಿನಿಂದ ಇದೇ ಕಾಯಿಲೆಯಲ್ಲವೇ.

ಆಮೇಲೆ ನನ್ನ ಕಣ್ಣಿಗೆ ಬಿದ್ದದ್ದು ನಿಮಗೆ ಬೇಡವಾಯಿತು. ಔಷಧ ಕುಡಿದ ಇಲಿಗಳ ಮೈಬಿಸಿ ಇಳಿದು ಚಳಿ ಹಿಡಿಯುತ್ತಿತ್ತು. ಪಂಜರದ ಮೂಲೆಯಲ್ಲಿ ಒಂದರ ಮೇಲೊಂದು ಗುಡ್ಡೆಯಾಗಿ, ಮೈಗೆ ಮೈ ಉಜ್ಜಿಕೊಂಡು ಮಲಗುತ್ತಿದ್ದವು. ನಾವು ಹಚ್ಚಿದ ಮುಲಾಮು ಒಳಗಿಳಿಯುವ ಮೊದಲೇ ಒರೆಸಿ ಹೋಗುತ್ತಿತ್ತು. ಕಾಯಿಲೆ ವಾಸಿಯಾಗಿರಲಿಲ್ಲ ಬೈಕೆ, ಬಂದೇ ಇರಲಿಲ್ಲ. ಒಂದೊಂದನ್ನೂ ಬೇರೆ ಬೇರೆ ಪಂಜರದಲ್ಲಿ ಬೆಚ್ಚಗಿಟ್ಟು ಇನ್ನೊಮ್ಮೆ ನೋಡೋಣ ಎಂದು ಬೇಡಿಕೊಂಡೆ.

"ಇಲಿಗಳು ಅಪ್ಕೊಂಡು ಮಲಗಿದ್ರೂ ನಿಂಗೆ ಹೊಟ್ಟೆಕಿಚ್ಚೇನಮ್ಮಾ? ಬೇಗ ಒಂದು ಮದುವೆ ಮಾಡ್ಕೋ" ಎಂದು ಎಲ್ಲರನ್ನೂ ನಗಿಸಿದಿರಿ.

ಆ ಪ್ರಯೋಗದ ಲೇಖನ ಹಾಗೇ ಅಚ್ಚಾದ ಖುಷಿಗೆ ನಿಮ್ಮ ಮನೆಯಲ್ಲಿ ಕುರಿ ಕೊಯ್ದಿರಿ. ಬೆಂದ ತಲೆಯನ್ನು ತಂದು ದೊಡ್ಡವರೆಂದು ನಿಮ್ಮ ಮುಂದಿಟ್ಟರು. ಕಿವಿ ಮಕ್ಕಳ ಪಾಲು, ಹಿರಿಯರ ಮಾತು ಕೇಳಲಿ ಎಂದು ಕೊಡುವುದು. ನೀವು ಅದನ್ನು ಕತ್ತರಿಸಿ, ಮೂವತ್ತು ದಾಟಿದ ನನ್ನ ತಟ್ಟೆಗೆ ಹಾಕಿದಿರಿ. "ತಿನ್ನು ಕುಂದುಜ್. ಇನ್ನಾದ್ರೂ ಹೇಳಿದ್ದು ಕೇಳೋದು ಕಲಿ" ಎಂದಿರಿ. ನಾನು ತಲೆ ತಗ್ಗಿಸಿ ತಿಂದೆ. ಅದು ಹಲ್ಲಿನಡಿ ಕರಕರ ಎಂದದ್ದು ನನಗಿನ್ನೂ ಕೇಳಿಸುತ್ತದೆ.

ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೇನೋ. ನಾನು ನಿಮ್ಮಲ್ಲಿ ಕೆಲಸ ಬಿಟ್ಟು ಓಶ್ ನಗರದ ಪ್ರಯೋಗಾಲಯ ಸೇರಿದ ಮೇಲೆ, ನನಗೊಂದು ಮಾತೂ ತಿಳಿಸದೆ ಬುರುಲ್‌ಗೆ ಅದೇ ಔಷಧದ ಮಾತ್ರೆ ಕೊಟ್ಟಿರಿ. ಅಕ್ಕನ ಅನುಮಾನಕ್ಕೆ ಕಿವಿಗೊಡಬೇಡ, ಚರ್ಮ ರೇಷ್ಮೆಯಂತಾಗುತ್ತದೆ ಎಂದಿರಂತೆ. ಜುಲೈ ತಿಂಗಳ ಬಿಸಿಲಲ್ಲಿ ನಾನು ಮನೆಗೆ ಬಂದರೆ, ನನ್ನ ತಂಗಿ ಕುರಿತೊಗಲಿನ ಕೋಟು ಹೊದ್ದು ಒಲೆಗೆ ಒತ್ತಿಕೊಂಡು ಕೂತಿದ್ದಳು. ಮುಖ ಊದಿತ್ತು. ಕರೆದರೆ ಉತ್ತರ ಬರಲು ಹೊತ್ತು ಹಿಡಿಯುತ್ತಿತ್ತು.

"ಅಕ್ಕಾ, ಸ್ವಲ್ಪ ಹತ್ರ ಕೂತ್ಕೋ. ಚಳಿ" ಎಂದಳು.

ಮೊಣಕೈ ಮೇಲಿನ ಹೊಟ್ಟು ಹಾಗೇ ಇತ್ತು. ಅವಳನ್ನು ತಬ್ಬಿ ಕೂತಾಗ ನನಗೆ ಅಳು ಬರಲಿಲ್ಲ. ನಿಮ್ಮನ್ನು ಸುಮ್ಮನೆ ಬಿಡಬಾರದು ಅನ್ನಿಸಿತು, ಅಷ್ಟೇ.

ಮಾತ್ರೆ ನಿಲ್ಲಿಸಿದೆ. ಓಶ್‌ನಲ್ಲಿ ಪ್ರಯೋಗವನ್ನು ಮೊದಲಿನಿಂದ ಮಾಡಿದೆ. ಪ್ರತಿ ಇಲಿಗೂ ಬೇರೆ ಪಂಜರ, ಕೆಳಗೆ ಬೆಚ್ಚನೆಯ ಹಾಸು. ಔಷಧ ಕುಡಿದವಕ್ಕೂ ಕುಡಿಯದವಕ್ಕೂ ಒಂದೇ ರೀತಿ ಹೊಟ್ಟು ಎದ್ದಿತು. ಚಿತ್ರಗಳು ಔಷಧ ಪ್ರಯೋಗಗಳನ್ನು ಪರಿಶೀಲಿಸುವ ಸಮಿತಿಯವರ ಕೈ ಸೇರಿವೆ. ನಾರಿನ್ ಊರಿನ ರೋಗಿಗಳಿಗೆ ನೀವು ಶುರುಮಾಡಬೇಕೆಂದಿದ್ದ ಚಿಕಿತ್ಸೆಯನ್ನು ತಡೆದಿದ್ದಾರೆ. ಸೋಮವಾರ ನಿಮ್ಮನ್ನು ವಿಚಾರಣೆಗೆ ಕರೆಯುತ್ತಾರೆ. ಎದುರಿಗೆ ನಾನಿರುತ್ತೇನೆ, ಪಕ್ಕದಲ್ಲಿ ಬುರುಲ್. ಅವಳಿಗೆ ಈಗ ಕೋಟು ಬೇಕಿಲ್ಲ. ಆದರೂ ತರುತ್ತೇನೆ, ನಿಮ್ಮ ಮುಂದಿನ ಮೇಜಿನ ಮೇಲೆ ಇಡುವುದಕ್ಕೆ.

ಅವಳು ಚೇತರಿಸಿಕೊಂಡ ಸಂತೋಷಕ್ಕೆ ಅಂದು ಸಂಜೆ ನಮ್ಮಲ್ಲಿ ಕುರಿ ಕೊಯ್ಯುತ್ತೇವೆ. ತಲೆಯನ್ನು ಯಾರ ಮುಂದಾದರೂ ಇಡಲಿ, ಒಂದು ಕಿವಿ ತೆಗೆದಿಡಲು ಅಪ್ಪನಿಗೆ ಹೇಳಿದ್ದೇನೆ. ಬುರುಲ್ ಕೈಯಲ್ಲೇ ಕಳಿಸುತ್ತೇನೆ. ಬಿಸಿ ಇರುವಾಗಲೇ ತಿನ್ನಿ.

ದೇವರು ನಿಮಗೆ ದೀರ್ಘಾಯುಷ್ಯ ಕೊಡಲಿ. ಚಳಿಯಾದಾಗ ಹತ್ತಿರ ಕೂರಲು ಯಾರೂ ಸಿಗದಿರಲಿ.

ಕೇಳುವುದನ್ನು ಕೊನೆಗೂ ಕಲಿಯದ,
ಕುಂದುಜ್