ಹಳದಿ ಅಂಗಿ ತೊಟ್ಟು ಬಂದಿದ್ದ ತಂಗಿಗೆ

ಮೆಕಿನ್ನಿ, ಟೆಕ್ಸಾಸ್
೨೨ ಮೇ ೨೦೧೬, ರವಿವಾರ

ಪ್ರೀತಿಯ ಅನುಸೂಯಾ,

ಹೇಗಿದ್ದೀ? ಹೂಸ್ಟನ್ನಿನ ಸೆಕೆಗೆ ನಿನ್ನ ಅರೆತಲೆನೋವು ಮತ್ತೆ ಶುರುವಾಗಿದೆಯೋ ಏನೋ ಎಂದು ಚಿಂತೆ. ಇಡೀ ದಿನ ಆಸ್ಪತ್ರೆಯ ಲ್ಯಾಬಿನಲ್ಲಿ ನಿಂತೇ ಕೆಲಸ ಮಾಡುವವಳು ನೀನು, ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನು. ಸಿಯಾ ಈಗ ನಿನಗಿಂತ ಎತ್ತರವಾಗಿರಬೇಕು. ಇದನ್ನೆಲ್ಲ ಕೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ, ಆದರೂ ಕೇಳುತ್ತಿದ್ದೇನೆ. ನೀನು ನನ್ನ ಫೋನ್ ಎತ್ತದೆ ಹನ್ನೊಂದು ತಿಂಗಳಾಯಿತು. ಕಾಗದವಾದರೆ ಹರಿಯುವ ಮೊದಲು ನಾಲ್ಕು ಸಾಲು ಓದುತ್ತೀಯೇನೋ ಎಂಬ ಆಸೆ. ವಿಳಾಸ ಕೊಟ್ಟವರು ಸರೋಜಾ ಆಂಟಿ, ಇರ್ವಿಂಗಿನ ದೇವಸ್ಥಾನದಲ್ಲಿ ಸಿಕ್ಕಿದ್ದರು. ಅವರ ಮೇಲೆ ಸಿಟ್ಟಾಗಬೇಡ, ನಾನೇ ಕಾಡಿ ತೆಗೆದುಕೊಂಡೆ.

ನಾವು ಆರೋಗ್ಯವಾಗಿದ್ದೇವೆ. ನಿನ್ನ ಭಾವ ಈಗ ಆಸ್ಟಿನ್ನಿನ ಪ್ರಾಜೆಕ್ಟಿನಲ್ಲಿದ್ದಾರೆ, ವಾರದ ಕೊನೆಗೆ ಬರುತ್ತಾರೆ. ಉಳಿದ ದಿನ ಮನೆಯಲ್ಲಿ ನಾನು ಮತ್ತು ಅನನ್ಯಾ ಇಬ್ಬರೇ. ಅವಳು ಶಾಲೆಯ ಬ್ಯಾಂಡ್ ಬಿಟ್ಟಳು. ಕ್ಲಾರಿನೆಟ್ಟನ್ನು ಶಾಲೆಗೇ ಹಿಂದಿರುಗಿಸಿ ಬಂದಳು, ನನಗೆ ಹೇಳಲೂ ಇಲ್ಲ. ಕಾರಣ ಕೇಳಿದರೆ, ಪಕ್ಕದಲ್ಲಿ ಯಾರು ನಿಲ್ಲುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿ ಕೋಣೆಗೆ ಹೋದಳು. ಮೈದಾನದಲ್ಲಿ ನುಡಿಸುವಾಗ ಅವಳ ಪಕ್ಕ ಸಿಯಾ ನಿಲ್ಲುತ್ತಿದ್ದಳಲ್ಲ, ಅದನ್ನು ಹೇಳಿದ್ದು.

ಅನೂ, ನಡೆದದ್ದು ನಿನಗೆ ಗೊತ್ತು. ಆದರೆ ನನ್ನ ಕಡೆಯಿಂದ ಹೇಗೆ ನಡೆಯಿತು ಎಂಬುದನ್ನು ನಾನು ಯಾರಿಗೂ ಹೇಳಿಲ್ಲ. ನಿನ್ನ ಜಯಂತ ತೀರಿಕೊಂಡ ಮೇಲೆ ಹೂಸ್ಟನ್ನಿನಲ್ಲಿ ನೀವಿಬ್ಬರೇ ಉಳಿದಾಗ, 'ಇಲ್ಲೇ ಬಾ ಅನು, ಹುಡಿಗ್ಯಾರು ಇಬ್ಬರೂ ಒಂದ ಸಾಲಿಗೆ ಹೋಗ್ತಾರ' ಎಂದು ಕರೆದವಳು ನಾನು. ನಮ್ಮ ಮನೆಗಳ ಎದುರು, ದೊಡ್ಡ ರಸ್ತೆಯ ಆಚೆಗಿದ್ದ ಅಪಾರ್ಟ್‌ಮೆಂಟು ನೋಡಿದವಳೂ ನಾನೇ. ಎರಡು ವರ್ಷ ನಮ್ಮ ಮಕ್ಕಳು ಅಕ್ಕತಂಗಿಯರ ಹಾಗೆ ಬೆಳೆದರು. ಆಮೇಲೆ ಹೈಸ್ಕೂಲು ತುಂಬಿ ತುಳುಕಿತು, ಪೂರ್ವಕ್ಕೆ ಆರು ಮೈಲಿ ದೂರದಲ್ಲಿ ಹೊಸ ಹೈಸ್ಕೂಲು ಎದ್ದಿತು, ಯಾವ ಓಣಿಯ ಮಕ್ಕಳು ಯಾವ ಶಾಲೆಗೆ ಎಂದು ಗೆರೆ ಎಳೆಯಲು ಶಾಲಾ ಮಂಡಳಿಯವರು ಕುಳಿತರು. ಅವರ ಮೊದಲ ನಕ್ಷೆಯಲ್ಲಿ ರಸ್ತೆಯ ಎರಡೂ ಬದಿಯವರು ಹೊಸ ಶಾಲೆಗೆ ಹೋಗಬೇಕಿತ್ತು. ನಮ್ಮ ಬಡಾವಣೆಗೆ ಬೆಂಕಿ ಬಿದ್ದಂತಾಯಿತು. ಹೊಸ ಶಾಲೆಗೆ ಹೆಸರಿಲ್ಲ, ಬ್ಯಾಂಡಿಲ್ಲ, ಮನೆಗಳ ಬೆಲೆ ಇಳಿಯುತ್ತದೆ ಎಂದೆಲ್ಲ ಮಾತು. ಕ್ಲಬ್‌ಹೌಸಿನಲ್ಲಿ ಸಭೆ ಸೇರಿ ಹಳದಿ ಟೀಶರ್ಟು ಮಾಡಿಸಿದರು. 'ನಮ್ಮ ಶಾಲೆ ಉಳಿಸಿ' ಎಂಬ ಆ ಟೀಶರ್ಟು.

ಬಡಾವಣೆಯವರು ಬೇರೆ ನಕ್ಷೆ ಬರೆದರು. ಗೆರೆ ದೊಡ್ಡ ರಸ್ತೆಯ ಮೇಲೇ ಹೋಗಲಿ, ಮನೆಗಳವರು ಇಲ್ಲೇ ಇರಲಿ, ಅಪಾರ್ಟ್‌ಮೆಂಟಿನವರು ಹೊಸ ಶಾಲೆಗೆ ಹೋಗಲಿ ಎಂದು. ಅದನ್ನು ಮಂಡಳಿಯ ಮುಂದೆ ಹೇಳಲು ಒಬ್ಬರು ಬೇಕಿತ್ತು. ಹಿಂದಿನ ಓಣಿಯ ಕೃಷ್ಣಚೈತನ್ಯ ನಾನು ಕನ್ನಡ ಸಂಘದ ಯುಗಾದಿಯಲ್ಲಿ ನಿರೂಪಣೆ ಮಾಡಿದ್ದನ್ನು ಕಂಡವರು. 'ಮೇಡಂ, ನೀವೇ ಮಾತಾಡಿ. ಬಿಳಿಯರು ಹೇಳಿದ್ರೆ ಭೇದ ಮಾಡ್ತಾರೆ ಅಂತಾರೆ, ನಮ್ಮಂಥವರು ಹೇಳಿದ್ರೆ ಯಾರೂ ತಪ್ಪು ತಿಳಿಯಲ್ಲ' ಎಂದರು. ಸುತ್ತಲಿದ್ದ ಅಮೆರಿಕನ್ ಹೆಂಗಸರು ನನ್ನ ಕೈ ಹಿಡಿದುಕೊಂಡರು. ಹದಿಮೂರು ವರ್ಷ ಆ ಓಣಿಯಲ್ಲಿ ಕೈಬೀಸಿ ಹಾಯ್ ಎಂದಷ್ಟೇ ಹೇಳುತ್ತಿದ್ದವರು. ನಾನೂ ಅವರಲ್ಲಿ ಒಬ್ಬಳು ಎಂದು ಅನ್ನಿಸಿಕೊಳ್ಳುವುದಕ್ಕೆ ನನಗೆ ಎಷ್ಟು ಆಸೆಯಿತ್ತೆಂದು ಆ ದಿನ ಗೊತ್ತಾಯಿತು. ಹೂಂ ಎಂದೆ.

ನಿನಗೆ ಮೊದಲೇ ಹೇಳಬೇಕೆಂದುಕೊಂಡಿದ್ದೆ. ಮೂರು ಸಲ ನಿನ್ನ ಮನೆಗೆ ಬಂದೆ. ಒಂದು ಸಲ ನೀನು ರೊಟ್ಟಿ ಬಡಿಯುತ್ತಿದ್ದೆ, ಬಿಸಿಯದೊಂದು ನನ್ನ ತಾಟಿಗೆ ಹಾಕಿದೆ, ಮೇಲೆ ಶೇಂಗಾ ಚಟ್ನಿ. ತಿಂದು ಎದ್ದು ಬಂದೆ. ನೀನಾಗಿ ಕೇಳಲಿಲ್ಲ. ಅಕ್ಕ ಹೋರಾಡುತ್ತಿದ್ದಾಳೆಂದರೆ ಅದು ನಿನ್ನ ಮಗಳಿಗಾಗಿಯೂ ಹೌದು ಎಂದು ನೀನು ನಂಬಿದ್ದೆ. ಆ ನಂಬಿಕೆಯನ್ನು ಮುರಿಯುವ ಧೈರ್ಯ ನನಗಾಗಲಿಲ್ಲ.

ಸಭೆಯ ಸಂಜೆ ನನಗೆ ಎರಡು ನಿಮಿಷ ಕೊಟ್ಟಿದ್ದರು. ಮೈಕಿನ ಮುಂದೆ ನಿಂತು ಹಾಳೆ ಬಿಡಿಸಿ ತಲೆಯೆತ್ತಿದರೆ ಮೂರನೇ ಸಾಲಿನಲ್ಲಿ ನೀವಿಬ್ಬರು. ನೀನು ಲ್ಯಾಬಿನ ಬಟ್ಟೆಯ ಮೇಲೇ ಹಳದಿ ಟೀಶರ್ಟು ಹಾಕಿಕೊಂಡು ಬಂದಿದ್ದೆ. ಸಿಯಾಳದು ದೊಗಲೆಯಾಗಿ ಮೊಣಕಾಲಿಗೆ ಬಂದಿತ್ತು. ಅವಳು ನನ್ನ ಫೋಟೋ ತೆಗೆಯಲು ಮೊಬೈಲ್ ಹಿಡಿದಿದ್ದಳು. ಆಗ ನಾನು ಹಾಳೆ ಮಡಚಬಹುದಿತ್ತು. ಗಂಟಲು ಕಟ್ಟಿದೆ ಎಂದು ಹೇಳಿ ಕೂರಬಹುದಿತ್ತು. ಓದಿದೆ. ನಾವು ಇಲ್ಲಿ ಮನೆ ಕಟ್ಟಿಕೊಂಡು ಬೇರು ಬಿಟ್ಟವರು ಎಂದೆ. ಅಪಾರ್ಟ್‌ಮೆಂಟಿನ ಕುಟುಂಬಗಳು ಬಂದು ಹೋಗುವವರು, ಅವರ ಮಕ್ಕಳಿಗೆ ಶಾಲೆ ಬದಲಾಯಿಸುವುದು ಹೊಸದಲ್ಲ ಎಂದೆ. ಚಪ್ಪಾಳೆ ಜೋರಾಗಿ ಬಂತು. ಸಿಯಾಳ ಮೊಬೈಲ್ ನಿಧಾನವಾಗಿ ಮಡಿಲಿಗೆ ಇಳಿಯಿತು.

ಹೊರಗೆ ಕಾರುಗಳ ನಡುವೆ ನಾನು ಓಡಿಬಂದಾಗ ನೀನು ಅಳುತ್ತಿರಲಿಲ್ಲ. 'ಅಕ್ಕಾ, ನಾವು ಬಂದು ಹೋಗೋ ಮಂದಿ ಏನು? ನೀ ಕರದಿ ಅಂತ ಬಂದಿದ್ವಿ' ಎಂದೆ, ಅಷ್ಟೇ. ಸಿಯಾ ಕಾರಿನಲ್ಲಿ ಕೂತು ಟೀಶರ್ಟು ಕಳಚುತ್ತಿದ್ದಳು, ಅವಳ ಕೂದಲು ಕೊರಳಪಟ್ಟಿಗೆ ಸಿಕ್ಕಿಕೊಂಡಿತ್ತು, ನೀನು ಬಗ್ಗಿ ಬಿಡಿಸಿದೆ. ನಾನು ಅವಸರದಲ್ಲಿ ಏನೇನೋ ಹೇಳಿದೆ. ಸಿಯಾಳ ಹೆಸರಿಗೆ ನಮ್ಮ ಮನೆಯ ಅಡ್ರೆಸ್ ಕೊಡೋಣ ಎಂದೆ. 'ಸುಳ್ಳು ಬರೆದು ಮಗಳನ್ನ ಸಾಲಿಗೆ ಕಳಸಂಗಿಲ್ಲ' ಎಂದೆ ನೀನು. ಆ ಮಾತುಗಳನ್ನು ಬಡಾವಣೆಯ ಕಮಿಟಿಯವರು ಬರೆದುಕೊಟ್ಟರು, ನಾನು ಬರೀ ಓದಿದೆ ಎಂದೂ ಹೇಳಿದೆ. ಅದು ಸುಳ್ಳು ಅನೂ. ಅವರು ನಕ್ಷೆ ಕೊಟ್ಟಿದ್ದರು, ಬಸ್ಸಿನ ಲೆಕ್ಕ ಕೊಟ್ಟಿದ್ದರು. ಬಂದು ಹೋಗುವವರು ಎಂಬ ಮಾತು ನನ್ನದು. ನನ್ನ ಅಡುಗೆಮನೆಯಲ್ಲಿ ಕೂತು, ಚೆನ್ನಾಗಿ ಬಂತು ಎಂದು ಎರಡು ಸಲ ಓದಿಕೊಂಡು ಬರೆದ ಮಾತು.

ಮಂಡಳಿ ನಮ್ಮ ನಕ್ಷೆಯನ್ನೇ ಒಪ್ಪಿತು. ಮರುದಿನ ಪಕ್ಕದ ಮನೆಯಾಕೆ ಕೇಕ್ ತಂದುಕೊಟ್ಟಳು. ಅನನ್ಯಾ ಅದನ್ನು ಪೆಟ್ಟಿಗೆಯ ಸಮೇತ ಕಸದ ಡಬ್ಬಿಗೆ ಹಾಕಿದಳು. ಜೂನಿನಲ್ಲಿ ನೀವು ಹೂಸ್ಟನ್ನಿಗೆ ಹೊರಟ ದಿನ ಅವಳು ಬೆಳಿಗ್ಗೆಯೇ ರಸ್ತೆ ದಾಟಿ ಬಂದು ನಿಮ್ಮ ಪೆಟ್ಟಿಗೆಗಳನ್ನು ಟ್ರಕ್ಕಿಗೆ ಏರಿಸಿದಳಲ್ಲ, ನಾನು ಮಹಡಿಯ ಕಿಟಕಿಯಿಂದ ನೋಡುತ್ತಿದ್ದೆ. ಇಳಿದು ಬರಬೇಕೆಂದು ಚಪ್ಪಲಿ ಕೂಡ ಹಾಕಿಕೊಂಡಿದ್ದೆ. ನೀನು ಒಮ್ಮೆಯಾದರೂ ಈ ಕಡೆ ತಿರುಗಿದ್ದರೆ ಬರುತ್ತಿದ್ದೆನೇನೋ. ತಿರುಗಲಿಲ್ಲ. ಹಾಗೆಂದು ತಪ್ಪು ನಿನ್ನ ಮೇಲೆ ಹಾಕುತ್ತಿಲ್ಲ.

ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ. ಕೇಳುವುದಿಲ್ಲ. ತಲೆನೋವಿಗೆ ಬರೀ ಮಾತ್ರೆ ನುಂಗಬೇಡ, ಡಾಕ್ಟರರಿಗೆ ತೋರಿಸು. ಸಿಯಾಳಿಗೆ ಅವಳ ದೊಡ್ಡಮ್ಮನ ಆಶೀರ್ವಾದ, ಅವಳು ಬೇಡ ಎಂದರೂ. ನೀವಿಬ್ಬರೂ ನೂರು ಕಾಲ ನೆಮ್ಮದಿಯಾಗಿರಿ.

ನಿನ್ನ ಅಕ್ಕ,
ಪ್ರಿಯಂವದಾ

ಮರೆತಿದ್ದೆ, ಇಲ್ಲ, ಬರೆಯಲು ಆಗಿರಲಿಲ್ಲ: ಜೂನ್ ನಾಲ್ಕರ ಶನಿವಾರ ಮಧ್ಯಾಹ್ನ ಎರಡೂವರೆಯ ಬಸ್ಸಿಗೆ ಅನನ್ಯಾ ಹೂಸ್ಟನ್ನಿಗೆ ಬರುತ್ತಾಳೆ. ಒಂದು ವಾರದ ಮಟ್ಟಿಗೆ ಎಂದು ನನಗೆ ಹೇಳಿದ್ದಾಳೆ, ನಿನಗೂ ಹಾಗೇ ಹೇಳುತ್ತಾಳೆ. ಆದರೆ ಚಳಿಗಾಲದ ಬಟ್ಟೆಗಳನ್ನೂ ತುಂಬಿಕೊಂಡಿದ್ದಾಳೆ, ಶಾಲೆಯಿಂದ ಅಂಕಪಟ್ಟಿ ತೆಗೆಸಿಕೊಂಡಿದ್ದಾಳೆ. ಉಳಿದ ಎರಡು ವರ್ಷ ಸಿಯಾಳ ಶಾಲೆಯಲ್ಲಿ ಓದುವ ಯೋಚನೆ ಇರಬೇಕು. ಅದಕ್ಕೆ ತಾಯಿತಂದೆಯರ ಒಪ್ಪಿಗೆಪತ್ರ ಬೇಕು. ನಿನ್ನ ಭಾವ ಸಹಿ ಹಾಕಿದ್ದಾರೆ, ನಾನೂ ಹಾಕಿದ್ದೇನೆ, ಇದೇ ಲಕೋಟೆಯಲ್ಲಿದೆ. ಅವಳಾಗಿ ಕೇಳಿದ ದಿನ ಕೊಡು. ಬಾಗಿಲು ತೆರೆ ಅನೂ. ಅವಳು ಬಂದು ಹೋಗುವವಳಲ್ಲ.